ಹನ್ನೊಂದೂವರೆಯ ಗೋಷ್ಠಿ

ಸನ್ಮಾನಕ್ಕೆ ತಲೆಗೆ ನಾಲ್ಕು ನಿಮಿಷ ಎಂದು ನಿಖತ್ ಅಂದಾಜು ಮಾಡಿದ್ದಳು. ಹೆಸರು ಕೂಗಲು ಅರ್ಧ ನಿಮಿಷ, ಗಣ್ಯರು ಕುರ್ಚಿಯಿಂದೆದ್ದು ಮುಂದೆ ಬರಲು ಅರ್ಧ, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಎಲ್ಲ ಸೇರಿ ಎರಡು, ಫೋಟೋದವನು "ಇನ್ನೊಂದ್ಸಲ ಸರ್, ಈ ಕಡೆ ನೋಡ್ರಿ" ಅನ್ನುವುದಕ್ಕೆ ಒಂದು. ಪೇಟ ದೊಡ್ಡದಾಗಿ ಕಣ್ಣಿಗೆ ಇಳಿದರೆ ಐದು ನಿಮಿಷವೂ ಆಗಬಹುದು. ಹದಿನಾಲ್ಕು ಜನರಿಗೆ ಐವತ್ತಾರು ನಿಮಿಷ. ಇದನ್ನೆಲ್ಲ ಬರೆದ ಹಾಳೆಯನ್ನು ಅವಳು ಸಮಿತಿಯ ಮುಂದಿಟ್ಟಾಗ ಯಾರೂ ನಗಲಿಲ್ಲ. ಅಧ್ಯಕ್ಷ ಬಂಗಾರಪ್ಪನವರು ಹಾಳೆಯನ್ನು ತೋಳಿನುದ್ದ ದೂರ ಹಿಡಿದು ನೋಡಿ, "ಹದಿನಾಲ್ಕಲ್ಲಮ್ಮ, ಹದಿನೇಳು. ಮೂರು ಹೆಸರು ಬಿಟ್ಟೀಯ" ಎಂದರು.

ಸಮಿತಿ ಅಂದರೆ ದಾವಣಗೆರೆ ಜಿಲ್ಲೆಯ ಅಂಗಡಿ, ಅಕ್ಕಿ ಗಿರಣಿ, ಗೋದಾಮುಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವವರ ಸಂಘದ ಒಂಬತ್ತು ಜನ. ಅದರಲ್ಲಿ ಎಂಟು ಜನ ಮಾರುವವರು. ಒಂಬತ್ತನೆಯವಳು ನಿಖತ್, ಮಾರಿದ್ದು ಕೆಟ್ಟು ನಿಂತಾಗ ಹೋಗಿ ಎಬ್ಬಿಸುವವಳು. ಹರಿಹರದ ತನ್ನ ಮನೆಯ ಮುಂದಿನ ಕೋಣೆಯೇ ಅವಳ ಕಚೇರಿ. ಹನ್ನೊಂದು ವರ್ಷದಿಂದ ಅವಳ ಫೋನ್ ನಂಬರ್ ಅರ್ಧ ಜಿಲ್ಲೆಯ ಗಲ್ಲಾಪೆಟ್ಟಿಗೆಗಳ ಮೇಲೆ, ಕ್ಯಾಲೆಂಡರುಗಳ ಅಂಚಿನಲ್ಲಿ, ಒಂದು ಕಡೆ ತಕ್ಕಡಿಯ ಬೆನ್ನಿನ ಮೇಲೆ ಕೂಡ ಬರೆದಿತ್ತು. ಮಾರಿದವರ ನಂಬರಿಗೆ ಫೋನ್ ಮಾಡಿದರೆ ಅವರು ಮೀಟಿಂಗ್‌ನಲ್ಲಿರುತ್ತಿದ್ದರು.

ಈ ಸಂಘ ಮೊಟ್ಟಮೊದಲ ಬಾರಿಗೆ ‘ಜಿಲ್ಲಾ ಮಟ್ಟದ ವ್ಯಾಪಾರ ತಂತ್ರಾಂಶ ಸಮಾವೇಶ’ ಮಾಡಲು ಹೊರಟಿತ್ತು. ಒಂದು ಭಾನುವಾರ, ಪಿ.ಬಿ. ರಸ್ತೆಯ ಸಭಾಭವನ, ಬೆಳಗ್ಗೆ ಹತ್ತರಿಂದ ಸಂಜೆ ಐದು, ಅಂಗಡಿಯವರಿಗೂ ಮಾರುವವರಿಗೂ ಒಟ್ಟಿಗೆ ಊಟ. ಯಾವ ಗೋಷ್ಠಿ ಎಷ್ಟು ಗಂಟೆಗೆ, ಯಾರು ಮಾತಾಡಬೇಕು ಎಂದು ಪಟ್ಟಿ ಮಾಡುವ ಕೆಲಸ ನಿಖತ್‌ಳ ಪಾಲಿಗೆ ಬಂತು. "ನಿಮ್ಮ ಅಕ್ಷರ ಚಂದ ಅದಾವೆ" ಎಂದು ಕಾರ್ಯದರ್ಶಿ ವಿಜಯಕುಮಾರ್ ಕಾರಣ ಕೊಟ್ಟರು. ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮಾಡುವಾಗ ಚಂದದ ಅಕ್ಷರ ಯಾವ ಕೆಲಸಕ್ಕೆ ಬರುತ್ತದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಆ ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಅವಳಿಗೆ ಅದು ಬೇಕಿತ್ತು.

ಬೇಕಿತ್ತು, ಯಾಕೆಂದರೆ ಪಟ್ಟಿಯಲ್ಲಿ ಹನ್ನೊಂದೂವರೆಗೆ ಅವಳದೇ ಒಂದು ಗೋಷ್ಠಿ ಇತ್ತು. ‘ಸಾಫ್ಟ್‌ವೇರ್ ಹಾಕಿಸಿ ಬಿಟ್ಟ ಇಪ್ಪತ್ಮೂರು ಅಂಗಡಿಗಳು: ಯಾಕೆ ಬಿಟ್ಟರು?’ ನಲವತ್ತು ನಿಮಿಷ. ನಾಲ್ಕು ತಿಂಗಳು ಸ್ಕೂಟರ್‌ನಲ್ಲಿ ಹರಿಹರ, ಮಲೆಬೆನ್ನೂರು, ದಾವಣಗೆರೆ ತಿರುಗಿ, ಕೌಂಟರಿನ ಆಚೆ ನಿಂತು, ಗಿರಾಕಿ ಬಂದಾಗ ಪಕ್ಕಕ್ಕೆ ಸರಿದು, ಹೋದಮೇಲೆ ಮತ್ತೆ ಕೇಳಿ, ಬರೆದುಕೊಂಡು ಬಂದದ್ದು ಅದು. ಹರಿಹರದ ಹನುಮಂತಪ್ಪನವರ ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಲ್ಟುಗಳನ್ನು ಅಳೆಯುವುದು ಸೂತ್‌ನಲ್ಲಿ. ಎಂಟು ಸೂತ್ ಸೇರಿದರೆ ಒಂದು ಇಂಚು. ವೆಲ್ಡಿಂಗ್‌ನವರು, ಲೇತ್‌ನವರು ಬಂದು ಕೇಳುವುದೇ ಹಾಗೆ. ಸಾಫ್ಟ್‌ವೇರಿಗೆ ಮಿಲಿಮೀಟರ್ ಬಿಟ್ಟು ಬೇರೇನೂ ಗೊತ್ತಿಲ್ಲ. ಹನುಮಂತಪ್ಪ ಒಂದು ವಾರ ಗುದ್ದಾಡಿ, ಆಮೇಲೆ ಎಲ್ಲ ಸಾಮಾನನ್ನೂ ‘ಇತರೆ’ ಎಂಬ ಒಂದೇ ಖಾನೆಗೆ ತುಂಬಿಬಿಟ್ಟರು. ವರ್ಷದ ಕೊನೆಗೆ ಯಂತ್ರ ಹೇಳಿದ್ದು ಇಷ್ಟು: ಈ ಅಂಗಡಿ ಇಡೀ ವರ್ಷ ‘ಇತರೆ’ಯನ್ನು ಮಾತ್ರ ಮಾರಿದೆ, ಈಗ ‘ಇತರೆ’ ದಾಸ್ತಾನು ತೀರಾ ಕಡಿಮೆಯಿದೆ, ಕೂಡಲೇ ‘ಇತರೆ’ ತರಿಸಿರಿ.

ಮಲೆಬೆನ್ನೂರಿನ ಗಿರಣಿಯ ಕಥೆ ಬೇರೆ. ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರುಗಳು ರಸ್ತೆಯವರೆಗೂ ಸಾಲು ನಿಲ್ಲುತ್ತವೆ. ಗುಮಾಸ್ತ ಹೊರಗೆ ಹೋಗಿ ಚೀಲಕ್ಕೆ ಕಬ್ಬಿಣದ ಬೊಂಬು ಚುಚ್ಚಿ ಕಾಳು ಹೊರತೆಗೆದು ನೋಡಿ ಒಳಗೆ ಬರುವಷ್ಟರಲ್ಲಿ ಸಾಫ್ಟ್‌ವೇರ್ ಬಾಗಿಲು ಹಾಕಿಕೊಂಡು ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ದಿನಕ್ಕೆ ನೂರು ಸಲ. ಬೇಸತ್ತು ಪಾಸ್‌ವರ್ಡನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟ. ದೀಪಾವಳಿಗೆ ಸುಣ್ಣ ಹೊಡೆದರು. ಪಾಸ್‌ವರ್ಡ್ ಹೋಯಿತು, ಅದರ ಹಿಂದೆಯೇ ಸಾಫ್ಟ್‌ವೇರೂ ಹೋಯಿತು.

ಇಂಥವು ಇಪ್ಪತ್ಮೂರು. ಇಪ್ಪತ್ಮೂರರಲ್ಲಿ ಹದಿನಾಲ್ಕನ್ನು ಮಾರಿದವರು ಇದೇ ಸಮಿತಿಯ ಮೇಜಿನ ಸುತ್ತ ಕುಳಿತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು.

ಎರಡನೆಯ ಸಭೆಗೆ ರೇವಂತ್ ಬಂದ. ಮಧ್ಯಾಹ್ನದ ಊಟದ ಖರ್ಚು ಹೊತ್ತ ಬೆಂಗಳೂರಿನ ಕಂಪನಿಯ ಏರಿಯಾ ಮ್ಯಾನೇಜರ್. ಮೂವತ್ತರೊಳಗಿನ, ಇಸ್ತ್ರಿ ಮುರಿಯದ ಹುಡುಗ. ಪಟ್ಟಿಯ ಮೇಲೆ ಬೆರಳಾಡಿಸುತ್ತ ಹನ್ನೊಂದೂವರೆಯ ಹತ್ತಿರ ನಿಲ್ಲಿಸಿದ.

"ಮೇಡಂ, ಸಬ್ಜೆಕ್ಟ್ ಚೆನ್ನಾಗಿದೆ. ಸ್ವಲ್ಪ ನೆಗೆಟಿವ್ ಆಯ್ತು ಅನ್ಸುತ್ತೆ. ‘ಬಿಟ್ಟರು’ ಅನ್ನೋ ಬದಲು ‘ಪಯಣ’ ಅಂತ ಏನಾದ್ರೂ ಮಾಡಬಹುದಾ?"

"ಯಾರ ಪಯಣ?" ನಿಖತ್ ಕೇಳಿದಳು. "ಅವರು ಎಲ್ಲಿಗೂ ಹೋಗಿಲ್ಲ ರೇವಂತ್ ಅವರೇ. ಅಂಗಡ್ಯಾಗೇ ಅದಾರ. ನಿಮ್ಮ ಸಾಫ್ಟ್‌ವೇರ್ ಅಷ್ಟೇ ಹೊರಗೆ ಹೋಗಿರೋದು."

ವಿಜಯಕುಮಾರ್ ಕೆಮ್ಮಿದರು. ಅವರ ಕೆಮ್ಮಿಗೆ ಒಂದು ವಿಶೇಷವಿತ್ತು: ಅದು ಮುಗಿಯುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತಿತ್ತು. ಹನ್ನೊಂದೂವರೆಗೆ ಕಂಪನಿಯ ಹೊಸ ಸಾಫ್ಟ್‌ವೇರಿನ ಪ್ರಾತ್ಯಕ್ಷಿಕೆ. ನಿಖತ್ ಮೇಡಂ ಗೋಷ್ಠಿ ಎರಡೂಕಾಲಿಗೆ.

"ಎರಡೂಕಾಲಿಗೆ ಊಟ ಆಗಿರ್ತದೆ ಸರ್. ಹೋಳಿಗೆ, ತುಪ್ಪ, ಚಿತ್ರಾನ್ನ. ಯಾರು ಕಣ್ಣು ಬಿಟ್ಟುಕೊಂಡು ಕೂಡ್ತಾರ?"

"ನೀವು ಮಾತಾಡಿದ್ರೆ ಎಚ್ಚರ ಇರ್ತಾರ ಬಿಡ್ರಿ ಮೇಡಂ" ಎಂದರು ವಿಜಯಕುಮಾರ್. ಎಂಟೂ ಜನ ನಕ್ಕರು. ಅದು ಹೊಗಳಿಕೆ ಎಂದು ಅವರೆಲ್ಲ ನಿಜವಾಗಿಯೂ ನಂಬಿದ್ದರು. ಅವಳ ಮೈ ಉರಿಯಲು ಅದೇ ಸಾಕಾಗಿತ್ತು.

ಮೂರನೆಯ ಸಭೆ, ನಾಲ್ಕನೆಯ ಸಭೆ, ಐದನೆಯ ಸಭೆಗಳಲ್ಲಿ ಗೋಷ್ಠಿಗಳ ಮಾತೇ ಬರಲಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಹದಿನೇಳು ಹೆಸರು ಯಾವ ಕ್ರಮದಲ್ಲಿ ಬರಬೇಕು ಎಂಬುದು ಮೂರು ವಾರ ತೆಗೆದುಕೊಂಡಿತು. ಹಿಂದಿನ ಅಧ್ಯಕ್ಷರು ಮೇಲೋ, ಬ್ಯಾಂಕ್ ಮ್ಯಾನೇಜರ್ ಮೇಲೋ? ‘ಗೌರವ ಉಪಸ್ಥಿತಿ’ಗೂ ‘ಘನ ಉಪಸ್ಥಿತಿ’ಗೂ ಎಷ್ಟು ಅಂತರ? ಒಬ್ಬರ ಹೆಸರು ಕಾರ್ಡು ಮಡಚುವ ಗೆರೆಯ ಮೇಲೆ ಬಿದ್ದಿತೆಂದು ಅವರು ಎರಡು ದಿನ ಫೋನ್ ಎತ್ತಲಿಲ್ಲ. ಗೊಬ್ಬರದ ವ್ಯಾಪಾರಿ ರಾಜಕುಮಾರ್ ಒಂಬತ್ತನೆಯ ಸಾಲಿಗೆ ಒಪ್ಪಬೇಕಾದರೆ ಬಂಗಾರಪ್ಪನವರು ಖುದ್ದಾಗಿ ಅವರ ಮನೆಗೆ ಹೋಗಿ ಎರಡು ಕಪ್ ಚಹಾ ಕುಡಿಯಬೇಕಾಯಿತು. ಕೊನೆಗೆ ಎಲ್ಲರೂ ಪಟ್ಟಿಯ ಕೆಳಗೆ ಸಹಿ ಹಾಕಿದರು. ಗಡಿ ಒಪ್ಪಂದಕ್ಕೂ ಇಷ್ಟು ಸಹಿ ಬೀಳುವುದಿಲ್ಲ.

ಆರನೆಯ ಸಭೆಯಲ್ಲಿ, ಎಲ್ಲರೂ ಏಳುವ ಹೊತ್ತಿಗೆ, ವಿಜಯಕುಮಾರ್ ಮತ್ತೆ ಕೆಮ್ಮಿದರು.

"ಮೇಡಂ, ಎರಡೂಕಾಲಿಗೆ ಬ್ಯಾಂಕಿನವರು ಸಾಲದ ಯೋಜನೆ ಬಗ್ಗೆ ಹೇಳ್ತಾರಂತೆ. ನಿಮ್ಮದನ್ನ ಸಂಜೆ ವಂದನಾರ್ಪಣೆ ಜೊತೆ ಸೇರಿಸಿಬಿಡಾಣ. ವಂದನೆ ಹೇಳ್ತಾ ಹೇಳ್ತಾ ಆ ಅಂಗಡಿಗಳ ಬಗ್ಗೆ ಎರಡು ಮಾತು ಅಂದ್ಬಿಡ್ರಿ. ಅಡ್ಜಸ್ಟ್ ಮಾಡ್ಕೊಳ್ರಿ."

"ನಲವತ್ತು ನಿಮಿಷದ್ದನ್ನ ಎರಡು ಮಾತಿನಾಗ ಹೆಂಗೆ ಹೇಳ್ಲಿ ಸರ್?"

"ಹೆಂಗಸ್ರು ಹೇಳಿದ್ರೆ ಚಂದ ಇರ್ತದಮ್ಮ ವಂದನೆ" ಎಂದರು ಬಂಗಾರಪ್ಪ, ಚಪ್ಪಲಿ ಹುಡುಕುತ್ತ. "ಗಂಡಸ್ರು ಹೇಳಿದ್ರೆ ಯಾರೂ ಕೂಡೋದಿಲ್ಲ."

ಊರಿನ ಆಮಂತ್ರಣ ಪತ್ರಿಕೆಗಳಲ್ಲಿ ಹೆಂಗಸರಿಗೆಂದೇ ಮೂರು ಜಾಗ ಕಾದಿರಿಸಿರುತ್ತವೆ: ಪ್ರಾರ್ಥನೆ, ಸ್ವಾಗತ, ವಂದನೆ. ಬಾಗಿಲು ತೆರೆಯುವುದು, ಬಾಗಿಲು ಹಾಕುವುದು. ನಡುವಿನ ಮಾತು ಒಡೆಯರದು. ಹರಿಹರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ನಿಖತ್ ಇದನ್ನು ಯೋಚಿಸುತ್ತ, ದಾರಿಯಲ್ಲಿ ಸಿಗುವ ಬಾತಿ ಊರು ದಾಟುವಷ್ಟರಲ್ಲಿ ಬಂಗಾರಪ್ಪನವರಿಗೆ ಮನಸ್ಸಿನಲ್ಲೇ ಏಳು ಉತ್ತರ ಕೊಟ್ಟಿದ್ದಳು. ಏಳೂ ಒಳ್ಳೆಯವೇ. ಒಂದೂ ಅಲ್ಲಿ, ಆ ಮೇಜಿನ ಹತ್ತಿರ, ಬಾಯಿಗೆ ಬಂದಿರಲಿಲ್ಲ. ಆ ಸಿಟ್ಟು ಅವರ ಮೇಲಿನ ಸಿಟ್ಟಿಗಿಂತ ಜೋರಾಗಿತ್ತು.

ಮನೆಯಲ್ಲಿ ತಾಯಿ ಇಮಾಂಬೀ ಪಡಸಾಲೆಯಲ್ಲಿ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮಗಳ ಮುಖ ನೋಡಿ ಕೇಳಿದಳು: "ಇವತ್ತು ಎಷ್ಟು ಗಂಟೆಗೆ ದೂಡಿದರು?"

"ಐದಕ್ಕೆ ಐದು ನಿಮಿಷ ಇರುವಾಗ ಅಮ್ಮಿ. ಶುಕ್ರಿಯಾ ಹೇಳೋದರ ಜೊತೆಗೆ."

"ಯಾರಿಗೆ ಶುಕ್ರಿಯಾ?"

"ಹದಿನೇಳು ಜನಕ್ಕೆ. ಪ್ಲಸ್ ಶಾಮಿಯಾನಾದವರಿಗೆ, ಮೈಕಿನವರಿಗೆ, ಅಡುಗೆಯವರಿಗೆ."

"ಅಡುಗೆಯವರಿಗೆ ಹೇಳು, ಅವರು ಪಾಪ ದುಡಿದಿರ್ತಾರೆ" ಎಂದಳು ಇಮಾಂಬೀ. ಆಮೇಲೆ ಸಿಪ್ಪೆ ಊದುತ್ತ, "ಆ ಕಾಗದ ಛಾಪಿಸೋಕೆ ಕೊಡೋದು ಯಾರು?"

"ನಾನೇ. ಅತೀಕ್ ಪ್ರೆಸ್ಸಿಗೆ."

"ಮತ್ತೆ?"

ಅಷ್ಟೇ ಕೇಳಿ ಅವಳು ಬೆಳ್ಳುಳ್ಳಿಯ ಕಡೆ ತಿರುಗಿದಳು.

ಅತೀಕ್‌ನ ಪ್ರೆಸ್ಸು ಹರಿಹರದಲ್ಲೇ, ಅವಳ ಮನೆಯಿಂದ ಮೂರು ಬೀದಿ ಆಚೆ. ಮದುವೆ ಕಾರ್ಡು, ಬಿಲ್ ಬುಕ್ಕು, ಉರುಸಿನ ಭಿತ್ತಿಪತ್ರ ಎಲ್ಲ ಅಲ್ಲೇ. ಮರುದಿನ ಬೆಳಗ್ಗೆ ಅವಳು ಹೋದಾಗ ಅವನು ಪರದೆಯ ಮೇಲೆ ಎರಡು ಕಡತ ತೆರೆದಿಟ್ಟಿದ್ದ.

"ಆಪಾ, ಹೆಸರುಗಳು ಹೊಸದು ಹಾಕೀನಿ. ಗೋಷ್ಠಿಗಳ ಪುಟ ಇನ್ನೂ ನಿಮ್ಮ ಮೊದಲಿನದೇ ಐತೆ. ಬದಲು ಮಾಡೋದು ಏನಾದ್ರೂ ಬಂದೈತಾ?"

"ಬಾಯಿ ಮಾತಿನಾಗ ಬಂದೈತೆ."

"ಬರವಣಿಗೆಯಾಗೆ?"

"ಇಲ್ಲ."

ಅತೀಕ್ ಅವಳ ಮುಖ ನೋಡಿದ. ಇಪ್ಪತ್ತು ವರ್ಷ ಆಮಂತ್ರಣ ಪತ್ರಿಕೆ ಅಚ್ಚು ಹಾಕಿದವನಿಗೆ ಮನುಷ್ಯರ ಮುಖ ಓದುವುದು ಕಷ್ಟವಲ್ಲ. "ಹಂಗಾದ್ರೆ ಪ್ರೂಫ್ ವಾಟ್ಸಾಪ್ ಗುಂಪಿಗೆ ಹಾಕ್ತೀನಿ. ಅವರು ನೋಡ್ತಾರ."

"ಹಾಕು. ಕದ್ದು ಮಾಡೋದು ನನಗೆ ಬ್ಯಾಡ. ಎಲ್ಲಾರೂ ನೋಡ್ಲಿ."

ಸಮಿತಿಯವರು, ಹದಿನೇಳು ಗಣ್ಯರು, ರೇವಂತ್ ಎಲ್ಲ ಇದ್ದ ಸಮಾವೇಶದ ಗುಂಪಿಗೆ ಪ್ರೂಫ್ ಹೋಯಿತು. ಎಡಗಡೆಯ ಪುಟದಲ್ಲಿ ಹದಿನೇಳು ಹೆಸರು, ಬಲಗಡೆಯ ಪುಟದಲ್ಲಿ ದಿನದ ಗೋಷ್ಠಿಗಳು; ‘ಬೆಳಿಗ್ಗೆ ೧೧.೩೦: ಸಾಫ್ಟ್‌ವೇರ್ ಹಾಕಿಸಿ ಬಿಟ್ಟ ಇಪ್ಪತ್ಮೂರು ಅಂಗಡಿಗಳು’, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ನಿಖತ್ ತಾನೇ ಬರೆದಳು: ‘ದಯವಿಟ್ಟು ಹೆಸರು ಮಾತ್ರವಲ್ಲ, ಸಮಯವನ್ನೂ ಗೋಷ್ಠಿಗಳನ್ನೂ ಓದಿ ನೋಡಿ ತಿಳಿಸಿರಿ.’

ಉತ್ತರಗಳು ಬರತೊಡಗಿದವು. ಒಬ್ಬರ ಇನಿಷಿಯಲ್ ಎಂ. ಬದಲು ಎನ್. ಆಗಿತ್ತು. ಒಬ್ಬರ ಹೆಸರಿನ ಮುಂದೆ ‘ಸಮಾಜ ಸೇವಕರು’ ಬಿಟ್ಟುಹೋಗಿತ್ತು. ಒಬ್ಬರ ಫೋಟೋದಲ್ಲಿ ಕಿವಿ ಕತ್ತರಿಸಿತ್ತು. ಬಂಗಾರಪ್ಪನವರು ‘ಓಕೆ. ಅಧ್ಯಕ್ಷರ ಹೆಸರು ಇನ್ನೂ ಸ್ವಲ್ಪ ದಪ್ಪ’ ಎಂದು ಬರೆದರು. ರೇವಂತ್ ಅದನ್ನು ಹಾಗೆಯೇ ಬೆಂಗಳೂರಿನ ಮುಖ್ಯ ಕಚೇರಿಗೆ ಕಳಿಸಿದ. ಅಲ್ಲಿ ಕನ್ನಡ ಓದಲು ಬಾರದ ಯಾರೋ ಕಂಪನಿಯ ಲಾಂಛನದ ನೀಲಿ ಬಣ್ಣ ಅಳೆದು ನೋಡಿ ಒಪ್ಪಿಗೆ ಕೊಟ್ಟರು. ನಿಖತ್ ಮಧ್ಯಾಹ್ನ ಇನ್ನೊಮ್ಮೆ ಬರೆದಳು: ‘ಬಲಗಡೆಯ ಪುಟ ಎಲ್ಲರೂ ಓದಿದಿರಾ?’ ಹನ್ನೊಂದು ಜೋಡಿಸಿದ ಕೈಗಳು ಬಂದವು, ನಾಲ್ಕು ಹೆಬ್ಬೆರಳು, ಯಾರೋ ಒಬ್ಬರಿಂದ ಗುಲಾಬಿ ಹೂವು.

ಗುಲಾಬಿ ಹೂವು ನೋಡಿ ಅವಳ ಸಿಟ್ಟು ಇನ್ನೂ ಏರಿತು. ಎರಡು ಸಲ ಕೇಳಿದ್ದಳು. ಎರಡನೆಯ ಸಲ ಕೇಳುವಾಗ, ಯಾರಾದರೂ ಓದಿ ಬೈಯಲಿ ಎಂದೇ ಅವಳ ಮನಸ್ಸಿನ ಒಂದು ಮೂಲೆ ಕಾದಿತ್ತು. ಬೈದಿದ್ದರೆ ಅವಳು ಮಾಡಿದ ಕೆಲಸ ಅಷ್ಟಾದರೂ ಅವರ ಕಣ್ಣಿಗೆ ಬಿದ್ದಂತಾಗುತ್ತಿತ್ತು.

"ಓಡಿಸು" ಎಂದಳು ಅತೀಕ್‌ಗೆ. ಸಾವಿರದ ಐನೂರು ಪ್ರತಿ.

ಸಮಾವೇಶಕ್ಕೆ ನಾಲ್ಕು ದಿನವಿರುವಾಗ ರೇವಂತ್ ದಾವಣಗೆರೆಯ ಒಂದು ಬಟ್ಟೆ ಅಂಗಡಿಗೆ ಹೋಗಿದ್ದ. ಅಂಗಡಿಯವರು, "ಹನ್ನೊಂದೂವರೆಗೆ ನಮ್ಮ ನಿಖತ್ ಮೇಡಂ ಮಾತಾಡ್ತಾರಂತಲ್ಲ, ನಾವೆಲ್ಲ ಬರ್ತೀವ್ರಿ" ಎಂದು ಕಾರ್ಡು ತೋರಿಸಿದರು. ಅರ್ಧ ಗಂಟೆಯಲ್ಲಿ ಬಂಗಾರಪ್ಪನವರ ಷೋರೂಮಿನ ಮೇಲಿನ ಕೋಣೆಯಲ್ಲಿ ತುರ್ತು ಸಭೆ ಸೇರಿತು. ನಿಖತ್ ಹರಿಹರದಿಂದ ಬರುವವರೆಗೂ ಯಾರೂ ಚಹಾ ಮುಟ್ಟಿರಲಿಲ್ಲ.

"ಏನಮ್ಮ ಇದು?" ಬಂಗಾರಪ್ಪ ಕಾರ್ಡನ್ನು ಮೇಜಿನ ಮೇಲೆ ಬಡಿದರು. "ಮನೆ ಮಗಳು ಅಂತ ನಂಬಿ ಕೊಟ್ರೆ ಹಿಂಗೆ ಮೋಸ ಮಾಡೋದಾ?"

ಈ ಸಲ ಉತ್ತರ ಬಾತಿ ದಾಟುವವರೆಗೆ ಕಾಯಲಿಲ್ಲ.

"ಮೋಸ ಯಾವುದು ಸರ್? ಎರಡು ಸಲ ಓದ್ರಿ ಅಂತ ಬರೆದೆ. ಇಲ್ಲಿ ನೋಡ್ರಿ, ನಿಮ್ಮದೇ ಉತ್ತರ. ‘ಓಕೆ. ಅಧ್ಯಕ್ಷರ ಹೆಸರು ಇನ್ನೂ ಸ್ವಲ್ಪ ದಪ್ಪ.’ ದಪ್ಪ ಮಾಡ್ಸೀನಿ. ವಿಜಯಕುಮಾರ್ ಸರ್, ನೀವು ಹೆಬ್ಬೆರಳು ಹಾಕೀರಿ. ನಾಲ್ಕು ತಿಂಗಳು ತಿರುಗಿ ತಂದಿದ್ದು ನಾನು. ನೀವು ಮಾರಿ ಬಿಟ್ಟಿದ್ದನ್ನ ಎಬ್ಬಿಸೋಕೆ ಹೋಗೋದು ನಾನು. ನನ್ನ ಗೋಷ್ಠಿನ ಹನ್ನೊಂದೂವರೆಯಿಂದ ಎರಡೂಕಾಲಿಗೆ, ಎರಡೂಕಾಲಿಂದ ಸಂಜೆಗೆ ದೂಡ್ತಾ ಹೋದ್ರಲ್ಲ, ಒಬ್ರಾದ್ರೂ ‘ನೀ ಏನು ಹೇಳ್ತೀಯಮ್ಮ’ ಅಂತ ಕೇಳಿದ್ರಾ? ಏನು ಹೇಳ್ತೀನಿ ಅನ್ನೋದನ್ನಾದ್ರೂ ಓದಿದ್ರಾ? ನೀವು ಯಾರೂ ಆ ಪುಟ ತೆಗೆದೇ ಇಲ್ಲ!"

ಗುಂಪಿನ ಉತ್ತರಗಳು ತೆರೆದಿದ್ದ ಫೋನನ್ನು ಅವಳು ಮೇಜಿನ ನಡುವೆ ಇಟ್ಟಳು.

"ಈಗ ಆದದ್ದಾಯ್ತು" ಎಂದರು ವಿಜಯಕುಮಾರ್. "ಹೊಸದಾಗಿ ಅಚ್ಚು ಹಾಕಿಸಿಬಿಡಾಣ. ಎರಡು ದಿನದ ಕೆಲಸ."

"ಹಾಕ್ಸಿ, ಇವತ್ತೇ ಹಾಕ್ಸಿ" ಎಂದ ರೇವಂತ್.

ಆಗ ಮೇಜಿನ ಕೊನೆಯಲ್ಲಿದ್ದ ಒಬ್ಬರು ಮೆಲ್ಲಗೆ ಹೇಳಿದರು: "ಹೊಸ ಕಾರ್ಡು ಅಂದ್ರೆ... ರಾಜಕುಮಾರ್ ಅವರು ಮೊನ್ನೆ ತಾಲ್ಲೂಕು ವರ್ತಕರ ಅಧ್ಯಕ್ಷರಾಗ್ಯಾರ. ಹೊಸ ಕಾರ್ಡಿನಾಗ ಒಂಬತ್ತನೇ ಸಾಲಿಗೆ ಒಪ್ಪೋದಿಲ್ಲ ಅವ್ರು. ಮೂರನೇದು ಕೇಳ್ತಾರ."

"ಅವರು ಮೂರಕ್ಕೆ ಬಂದ್ರೆ ಮೂರರಾಗ ಇದ್ದವರು?" ಇನ್ನೊಬ್ಬರು.

"ಕಾರ್ಡಿನ ಮಡಿಕೆ ಮೇಲೆ ಮತ್ತೆ ಯಾರ ಹೆಸರು ಬೀಳ್ತದೋ" ಮತ್ತೊಬ್ಬರು.

ಬಂಗಾರಪ್ಪನವರ ಮುಖದಲ್ಲಿ ಮೂರು ವಾರಗಳೂ ಒಂದೊಂದಾಗಿ ಹಾದುಹೋದವು. ರಾಜಕುಮಾರ್ ಮನೆಯ ಸಕ್ಕರೆ ಹೆಚ್ಚಾದ ಆ ಎರಡು ಕಪ್ ಚಹಾ ಕೂಡ ಹಾದುಹೋಗಿರಬೇಕು. ಅವರು ಕಾರ್ಡನ್ನು ಎತ್ತಿ, ಮಡಚಿ, ಜೇಬಿಗಿಟ್ಟುಕೊಂಡರು.

"ಇರ್ಲಿ ಬಿಡ್ರಿ. ಅಚ್ಚಾಗಿದ್ದು ಅಚ್ಚಾತು. ಕಾರ್ಡು ಇದೇ."

"ಸರ್, ನಮ್ಮ ಡೆಮೋ?" ರೇವಂತ್ ಎದ್ದು ನಿಂತ.

"ಎರಡೂಕಾಲಿಗೆ ಮಾಡ್ರಿ. ಬ್ಯಾಂಕಿನವರು ಸಂಜೆ ಮಾತಾಡ್ತಾರ."

"ಹೋಳಿಗೆ ತಿಂದ ಮೇಲಾ?"

"ನೀವು ಮಾತಾಡಿದ್ರೆ ಎಚ್ಚರ ಇರ್ತಾರ ಬಿಡ್ರಿ" ಎಂದರು ವಿಜಯಕುಮಾರ್. ರೂಢಿಯ ಮಾತು, ತಾನಾಗಿ ಬಂದಿತ್ತು.

ಇಳಿಯುವಾಗ ಮೆಟ್ಟಿಲ ಮೇಲೆ ಬಂಗಾರಪ್ಪ ಅವಳನ್ನು ನಿಲ್ಲಿಸಿದರು. "ಒಂದು ಮಾತು. ಮಾರಿದವರ ಹೆಸರು ತೆಗೀಬಾರ್ದು ನೋಡು ಮತ್ತೆ."

"ಮಾರಿದವರ ಹೆಸರೂ ಹೇಳಲ್ಲ, ಅಂಗಡಿ ಹೆಸರೂ ಹೇಳಲ್ಲ ಸರ್. ಕಾರಣ ಹೇಳ್ತೀನಿ, ಅಷ್ಟೇ" ಎಂದಳು ನಿಖತ್. ಇಪ್ಪತ್ಮೂರರಲ್ಲಿ ಆರಕ್ಕೆ ಮಾರಿದವರು ಅವರೇ ಎಂದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಸಭಾಭವನದ ಹೊರಗೆ ಸ್ಕೂಟರು, ಬೈಕುಗಳು ರಸ್ತೆಯವರೆಗೂ ನಿಂತಿದ್ದವು. ದೀಪ ಹತ್ತಲು ಆರು ಕಡ್ಡಿ ಬೇಕಾದವು. ನಿಖತ್‌ಳ ಅಂದಾಜಿನಂತೆ ಹದಿನೇಳು ಸನ್ಮಾನಕ್ಕೆ ಅರವತ್ತೆಂಟು ನಿಮಿಷ ಸಾಕಿತ್ತು. ಅವಳ ಅಂದಾಜಿನಲ್ಲಿ ಒಂದು ತಪ್ಪಿತ್ತು: ಸನ್ಮಾನವಾದ ಮೇಲೆ ಪ್ರತಿಯೊಬ್ಬರೂ ‘ನಾನು ಹೆಚ್ಚು ಮಾತಾಡುವುದಿಲ್ಲ’ ಎಂದು ಆರಂಭಿಸುತ್ತಾರೆಂಬುದು ಅವಳಿಗೆ ಹೊಳೆದಿರಲಿಲ್ಲ. ಹನ್ನೊಂದೂವರೆಗೆ ಹನ್ನೊಂದನೆಯವರು ಮಾತಾಡುತ್ತಿದ್ದರು. ವೇದಿಕೆಯ ಪಕ್ಕದ ಮೆಟ್ಟಿಲ ಬಳಿ, ಕೈಯಲ್ಲಿ ನಾಲ್ಕು ಹಾಳೆ ಹಿಡಿದು, ಅವಳು ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದಳು. ಹನ್ನೆರಡಕ್ಕೆ ಹದಿನಾರನೆಯವರು. ಹದಿನೇಳನೆಯವರು ಬುಟ್ಟಿ ತೆಗೆದುಕೊಂಡು ಕುಳಿತಾಗ ಹನ್ನೆರಡೂ ಹತ್ತು. ಬಂಗಾರಪ್ಪ ಮೈಕಿನ ಮುಂದೆ ಬಂದು ಗಂಟಲು ಸರಿಪಡಿಸಿಕೊಂಡರು.

"ಸಮಯದ ಅಭಾವದಿಂದ..."

ಇಡೀ ರಾಜ್ಯದ ಸಭೆಗಳಲ್ಲಿ ಇಂಥ ಎಷ್ಟು ಜನರ ಮಾತು ಈ ಎರಡು ಪದಗಳ ಕೆಳಗೆ ಹೂತುಹೋಗಿದೆಯೋ. ಸಮಯಕ್ಕೆ ಅಭಾವ ತಂದವರು ಶಾಲು ಹೊದ್ದು ಕುಳಿತಿರುತ್ತಾರೆ. ಕಳೆದುಕೊಂಡವರು ಮೆಟ್ಟಿಲ ಬಳಿ ನಿಂತಿರುತ್ತಾರೆ. ನಿಖತ್ ನಿಲ್ಲಲಿಲ್ಲ. ಮೇಲೆ ಹತ್ತಿ, ಸೀದಾ ಅವರ ಪಕ್ಕಕ್ಕೆ ಹೋದಳು.

"ಸರ್, ಈಗ ಹನ್ನೆರಡೂ ಹತ್ತು. ಊಟ ಒಂದಕ್ಕೆ. ನನಗೆ ನಲವತ್ತು ನಿಮಿಷ ಸಾಕು."

"ಇವರೆಲ್ಲ ಕೂತಾರಲ್ಲಮ್ಮ" ಎಂದು ಬಂಗಾರಪ್ಪ ದನಿ ತಗ್ಗಿಸಿ, ಹಿಂದಿನ ಹದಿನೇಳು ಕುರ್ಚಿಗಳ ಕಡೆ ಕಣ್ಣು ತೋರಿದರು.

"ಕಾರ್ಯಕ್ರಮ ಕೇಳೋಕೆ ಅಂತಾನೇ ಕೂತಾರಲ್ಲ ಸರ್. ಕೇಳ್ಲಿ."

ಮೈಕು ಚಾಲೂ ಇತ್ತು. ಸಭಾಭವನದ ಹಿಂದಿನ ಸಾಲಿನವರೆಗೂ ಅದು ಕೇಳಿಸಿತು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಎಲ್ಲ ಕಡೆ ನಗೆ ಎದ್ದಿತು. ಯಾರೋ ಚಪ್ಪಾಳೆ ಹೊಡೆದರು. ಬಂಗಾರಪ್ಪ ನಗುಮುಖ ಮಾಡಿಕೊಂಡೇ ಮೈಕು ಬಿಟ್ಟುಕೊಟ್ಟು ಹೋಗಿ ಕುಳಿತರು.

ಅವಳು ಪೀಠಿಕೆ ಹಾಕಲಿಲ್ಲ. ವೇದಿಕೆಯ ಮೇಲಿರುವ ಯಾರ ಹೆಸರನ್ನೂ ಹೇಳಲಿಲ್ಲ; ಅದಕ್ಕೇ ಆರು ನಿಮಿಷ ಉಳಿಯಿತು. ಗೋಡೆಯ ಪಾಸ್‌ವರ್ಡಿಗೆ ಸುಣ್ಣ ಬಿದ್ದ ಕಥೆ ಹೇಳಿದಳು. ‘ಗಿಣಿ ಹಸಿರು’, ‘ಬದನೆ ಬಣ್ಣ’ ಎಂದು ಸೀರೆ ಗುರುತಿಸುವವನಿಗೆ ‘ಹಸಿರು ಒಂದು, ಹಸಿರು ಎರಡು’ ಎಂದು ಕೊಟ್ಟ ಸಾಫ್ಟ್‌ವೇರಿನ ಬಗ್ಗೆ ಹೇಳಿದಳು. ಜನ ನಗುತ್ತಿದ್ದರು, ಆದರೆ ಅವಳು ನಗಲಿಲ್ಲ. "ನೀವು ನಗ್ತೀರಿ. ಇವರಿಗೆಲ್ಲ ನಾವು ಏನು ಹೇಳಿದ್ವಿ ಗೊತ್ತಾ? ‘ನಿಮಗೆ ಕಂಪ್ಯೂಟರ್ ಬರಲ್ಲ’ ಅಂದ್ವಿ. ಮೂವತ್ತು ವರ್ಷ ಅಂಗಡಿ ನಡೆಸಿದವರಿಗೆ ದಡ್ಡರು ಅನ್ನೋ ಹಂಗೆ ಮಾಡಿ ಬಂದ್ವಿ. ಅವರು ಬಿಟ್ಟಿದ್ದು ಅದಕ್ಕೆ." ಆಮೇಲೆ ಒಂದು ಹಾರ್ಡ್‌ವೇರ್ ಅಂಗಡಿ, ಸೂತ್, ‘ಇತರೆ’ ಎಂದು ಶುರು ಮಾಡಿದಳು.

ಐದನೆಯ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಬಿಳಿ ಅಂಗಿ, ತೋಳಿಗೆ ಗ್ರೀಸಿನ ಕಲೆ.

"ಆ ‘ಇತರೆ’ ಅಂಗಡಿ ನಂದೇ!"

"ಹನುಮಂತಪ್ಪಾರ, ನಾನು ಹೆಸರು ಹೇಳಿಲ್ಲ..." ನಿಖತ್ ತಡೆದಳು.

"ನೀ ಹೇಳ್ಬ್ಯಾಡ ತಾಯಿ, ನಾ ಹೇಳ್ತೀನಿ. ನನ್ನ ಅಂಗಡಿ ಹೆಸರು ಹೇಳೋಕೆ ನನಗೇನು ನಾಚಿಕೆ? ಮಾರಿದವ್ರು ಅಲ್ಲೇ ಕೂತಾರ ನೋಡ್ರಿ. ಮೇಲೆ. ಮಧ್ಯದಾಗ. ಪೇಟ ಸುತ್ತಿಕೊಂಡು."

ಸಭೆಯ ತಲೆಗಳೆಲ್ಲ ಬಂಗಾರಪ್ಪನವರ ಕಡೆ ತಿರುಗಿದವು. ಎದ್ದು ಹೋಗೋಣವೆಂದರೆ ತೊಡೆಯ ಮೇಲೆ ಹಣ್ಣಿನ ಬುಟ್ಟಿಯಿತ್ತು. ಅವರು ಕೂತಲ್ಲಿಂದಲೇ ಕೂಗಿದರು: "ಹನುಮಂತಣ್ಣ, ಹಂಗಿದ್ರೆ ನನಗೊಂದು ಮಾತು ಹೇಳಬಾರ್ದಿತ್ತಾ?"

"ಬಿಟ್ಟ ಮೇಲೂ ಹೇಳೋಕೆ ಅಂತ ಮೂರು ಸಲ ಫೋನ್ ಮಾಡಿದ್ನಲ್ಲಪ್ಪ ಹೋದ ತಿಂಗಳು. ಮೂರು ಸಲವೂ ಮೀಟಿಂಗಿನಾಗ ಅದೀನಿ ಅಂದ್ರಿ. ಯಾವ ಮೀಟಿಂಗು ಅದು?"

ಬಂಗಾರಪ್ಪ ಬಾಯಿ ತೆರೆದರು. ಹೋದ ತಿಂಗಳು ಅವರು ಯಾವ ಮೀಟಿಂಗಿನಲ್ಲಿದ್ದರೆಂದು ವೇದಿಕೆಯ ಹದಿನೇಳೂ ಜನಕ್ಕೆ ಗೊತ್ತಿತ್ತು.

"...ಇದೇ ಸಮಾವೇಶದ್ದು" ಎಂದರು ಕೊನೆಗೆ.

ಈ ಸಲದ ನಗೆ ಬೇರೆ ಥರದ್ದು. ಅದರಲ್ಲಿ ಸಿಟ್ಟೂ ಇತ್ತು. ಎಡಗಡೆ ಒಬ್ಬರು ಎದ್ದರು, ಅವರ ಹಿಂದೆ ಇನ್ನಿಬ್ಬರು. ಬಟ್ಟೆ ಅಂಗಡಿಯವರು, ಔಷಧಿ ಅಂಗಡಿಯವರು, ಗಿರಣಿಯ ಗುಮಾಸ್ತ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ನಿಖತ್ ಹಾಳೆಗಳನ್ನು ತಿರುವಿ ಅಂಚಿನಲ್ಲೆಲ್ಲ ಬರೆದುಕೊಳ್ಳತೊಡಗಿದಳು. ಅಡುಗೆಯವರು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿ ಹೋದರು. ಒಂದು ಗಂಟೆ ದಾಟಿತು. ಯಾರೂ ಏಳಲಿಲ್ಲ.

ಅಷ್ಟರಲ್ಲಿ ಬದಿಯಿಂದ ಒಂದು ಚೀಟಿ ಬಂತು. ಭಾಷಣ ಉದ್ದವಾದಾಗ ಸಂಘಟಕರು ಕಳಿಸುವಂಥ, ನಾಲ್ಕಾಗಿ ಮಡಚಿದ ಚೀಟಿ. ಬಿಡಿಸಿದಳು. ವಿಜಯಕುಮಾರರ ಕೈಬರಹ: ‘ಐದು ನಿಮಿಷದಲ್ಲಿ ಮುಗಿಸಿ. ಹೋಳಿಗೆ ಆರುತ್ತಿದೆ.’

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ನಡುದಾರಿಯಲ್ಲಿ ನಡೆದು ಬಂದು ವೇದಿಕೆಯ ಕೆಳಗೆ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಬ್ಯಾಗು.

"ನಾ ದುರುಗವ್ವ. ಸಾರಥಿ ಊರಾಗ ಬೀಜದ ಅಂಗಡಿ ಇಟ್ಟೀನಿ. ನಂದೂ ಬರ್ಕವ್ವ."

"ನೀವೂ ಬಿಟ್ಟೀರಾ?"

"ಇನ್ನೂ ಬಿಟ್ಟಿಲ್ಲ. ಈ ಯುಗಾದಿಗೆ ಬಿಡಾಣ ಅಂತ. ಒಂದು ಚೀಲ ಬರೆದ್ರೆ ನಾಲ್ಕು ಸಲ ಕೇಳ್ತದೆ ಅದು, ‘ಖಚಿತವೇ? ಖಚಿತವೇ?’ ಅಂತ. ನನ್ನ ಗಂಡ ಮೂವತ್ತು ವರ್ಷದಾಗ ಒಂದು ಸಲ ಹಂಗೆ ಕೇಳಿಲ್ಲ ನನ್ನ. ಇದು ಯಾವನು ನನ್ನ ಕೇಳೋಕೆ?"

ಹಾಳೆಗಳ ಅಂಚೆಲ್ಲ ತುಂಬಿಹೋಗಿತ್ತು. ನಿಖತ್ ಚೀಟಿಯನ್ನು ಮಗುಚಿದಳು. ಹಿಂಬದಿ ಪೂರ್ತಿ ಖಾಲಿಯಿತ್ತು. ಅದನ್ನು ಮೈಕಿನ ಪೀಠದ ಮೇಲೆ ಅಂಗೈಯಿಂದ ಒತ್ತಿ ನೀಟು ಮಾಡಿ, ಮೇಲುಗಡೆ ‘೨೪’ ಎಂದು ಬರೆದಳು.

"ಹೇಳ್ರಿ ದುರುಗವ್ವಾರ" ಎಂದಳು. "ಮೊದಲಿಂದ ಹೇಳ್ರಿ."